ದೇವೀರಿ ಬರೆದ ಅಂಗಳ

ಬಹಳ ಹಿಂದೆ, ಬೆಟ್ಟಗುಡ್ಡಗಳಿಗೆ ಹೆಸರಿಡುವ ಕೆಲಸ ಇನ್ನೂ ಮುಗಿಯದಿದ್ದ ಕಾಲದಲ್ಲಿ, ಬೆಣಚುದುರ್ಗ ಎಂಬ ರಾಜ್ಯವಿತ್ತು. ಆ ರಾಜ್ಯದಲ್ಲಿ ಗೊಂಬೆಕೆರೆ ಎಂಬ ಊರಿತ್ತು. ಊರಿನವರ ಕಸುಬು ಗೊಂಬೆ ಮಾಡುವುದು. ಬರೀ ರಾಜ ರಾಣಿಯರ ಗೊಂಬೆಯಲ್ಲ, ಒಂದು ಹಲಗೆಯ ಮೇಲೆ ಇಡೀ ಊರನ್ನೇ ಕೂರಿಸಿಬಿಡುತ್ತಿದ್ದರು. ಬೆರಳುದ್ದದ ಮನೆ, ಉಗುರಗಲದ ಬಾವಿ, ಕೊಡ ಹೊತ್ತು ಹೊರಟ ಅವರೆಕಾಳಿನಷ್ಟು ಹೆಂಗಸು. ಗೊಂಬೆ ಹಬ್ಬಕ್ಕೆ ಅಂಥದೊಂದು ಹಲಗೆ ಇಡದ ಮನೆ ಆ ರಾಜ್ಯದಲ್ಲೇ ಇರಲಿಲ್ಲ.

ಅವರ ಕೆಲಸಕ್ಕೆ ಒಂದು ರೀತಿಯಿತ್ತು. ಗೊಂಬೆಯ ಕಣ್ಣು ಬರೆಯಬೇಕಾದರೆ ತಲೆಗೆ ನೀರು ಹಾಕಿಕೊಂಡು, ಮಡಿಯುಟ್ಟು, ಉಸಿರು ಬಿಗಿಹಿಡಿದು ಕೂರುವರು. ನೆಲಕ್ಕೆ ಮಾತ್ರ ಕೊನೆಯಲ್ಲಿ ಯಾವ ಬಣ್ಣ ಉಳಿದಿರುತ್ತದೋ ಅದು. ಕೆಂಪು ಉಳಿದರೆ ಕೆಂಪು ನೆಲ, ಹಸಿರು ಉಳಿದರೆ ಹುಲ್ಲು ನೆಲ. ಅದರ ಮೇಲೆ ಗೊಂಬೆಗೆ ಬಳಿದು ಮಿಕ್ಕ ಅರಗಿನ ಮೆರುಗನ್ನು ಫಳಫಳ ಹೊಳೆಯುವಂತೆ ಬಳಿದುಬಿಟ್ಟರೆ ಮುಗಿಯಿತು. ಯಾರೂ ಇದೇನೆಂದು ಕೇಳುತ್ತಿರಲಿಲ್ಲ. ನೆಲವನ್ನು ನೋಡುವವರಾದರೂ ಯಾರು? ನಾವು ನೀವೂ ಅಷ್ಟೇ, ಎಡವಿದಾಗ ನೋಡುತ್ತೇವೆ, ಅದೂ ಬೈಯುವುದಕ್ಕೆ.

ಆ ಊರಿನಲ್ಲಿ ದೇವೀರಿ ಎಂಬ ಹುಡುಗಿ ತನ್ನ ಅವ್ವ ಸಣ್ಣೀರವ್ವನ ಜೊತೆ ಇದ್ದಳು. ಅವ್ವ ಹುಣಸೆಬೀಜದ ಅಂಟಿಗೆ ಮರದ ಹೊಟ್ಟು ಕಲಸಿ ಗೊಂಬೆ ತಿದ್ದುವಳು, ಮಗಳು ಬಣ್ಣ ಹಚ್ಚುವಳು. ಇಬ್ಬರಿಗೂ ದಿನಾ ಜಗಳ, ದಿನಾ ಒಂದೇ ತಟ್ಟೆಯಲ್ಲಿ ಊಟ. ದೇವೀರಿ ಬರೆದ ಕಣ್ಣು ನೋಡಿದರೆ ಗೊಂಬೆ ಇನ್ನೇನು ರೆಪ್ಪೆ ಬಡಿದೀತು ಅನ್ನಿಸುತ್ತಿತ್ತು. ಅದು ಅವಳಿಗೂ ಗೊತ್ತಿತ್ತು. ಹಾಗಾಗಿ ಸ್ವಲ್ಪ ಜಂಬವೂ ಇತ್ತು.

ಬೇಸಿಗೆ ಮುಗಿಯುತ್ತಿದ್ದ ಒಂದು ದಿನ ದೇವೀರಿ ಕೆಂಪು ಬಣ್ಣಕ್ಕೆಂದು ಕಾವಿ ಕಲ್ಲು ತರಲು ಬುಟ್ಟಿ ಹೊತ್ತು ಬೆಟ್ಟಕ್ಕೆ ಹೋದಳು. ಸಂಜೆ ತಿರುಗಿ ಬಂದರೆ ಊರಿಲ್ಲ! ಮನೆಯಿಲ್ಲ, ಮರವಿಲ್ಲ, ದನವಿಲ್ಲ, ಜನವಿಲ್ಲ. ಊರಿನ ನೆಲವೊಂದು ಬತ್ತಲೆ ಬಿದ್ದಿತ್ತು. ಮನೆಗಳಿದ್ದ ಕಡೆ ಚೌಕ ಚೌಕದ ಗುರುತು, ಅವುಗಳ ನಡುವೆ ಓಣಿಯ ಗೆರೆ. ಅವಳು "ಅವ್ವಾ!" ಎಂದು ಕೂಗಿದಳು. ಬೆಟ್ಟ ಅದನ್ನೇ ತಿರುಗಿ ಕೂಗಿತು. ಅವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

"ಏಳವ್ವ ಮೇಲೆ, ನನ್ನ ತಲೆ ಮೇಲೆ ಕೂತಿದ್ದೀಯ" ಎಂದಿತು ನೆಲದೊಳಗಿನ ಒಂದು ದನಿ.

ಮಣ್ಣು ಬಿರಿದು ಒಂದು ಮುದಿ ಕಪ್ಪೆ ತಲೆ ಹಾಕಿತು. ಮೊದಲ ಮಳೆಗಾಗಿ ಕಾಯುತ್ತ ನೆಲದೊಳಗೆ ಮಲಗಿದ್ದ ಕಪ್ಪೆ ಅದು.

"ನಾನು ಕಣ್ಣಾರೆ ಕಂಡಿಲ್ಲ, ಕೇಳಿಸ್ಕೊಂಡೆ ಅಷ್ಟೇ" ಎಂದಿತು ಕಪ್ಪೆ. "ಜಂಭಾಳ ಅನ್ನೋ ಮಾಂತ್ರಿಕ ಬಂದ. ಮಂತ್ರ ಹಾಕಿ ಇಡೀ ಊರನ್ನ ಚಿಕ್ಕದು ಮಾಡಿ ಹಲಗೆ ಮೇಲಿಟ್ಕೊಂಡು ಹೋದ. ನೆಲ ಬಿಟ್ಟು ಹೋದ. ಮಣ್ಣಿಗೆ ಯಾವ ಮಂತ್ರಾನೂ ತಾಕಲ್ಲ, ಅದಕ್ಕೇ."

ಅವನು ಹೋದ ದಿಕ್ಕನ್ನು ಕಪ್ಪೆಯಿಂದ ಕೇಳಿಕೊಂಡು ದೇವೀರಿ ಹೊರಟಳು. ಜಂಭಾಳನ ಅರಮನೆ ನೆಲಕ್ಕೆ ತಾಗುತ್ತಿರಲಿಲ್ಲ. ನಾಲ್ಕು ಬೆಟ್ಟಗಳ ತುದಿಗೆ ಸರಪಳಿ ಕಟ್ಟಿ ಅದನ್ನು ನಡುವೆ ತೂಗುಬಿಟ್ಟಿದ್ದ. ಸರಪಳಿಯ ಮೇಲೆ ನಡೆದು ಹೋದರೆ ಬಾಗಿಲಲ್ಲಿ ಎರಡು ನವಿಲು ಕಾವಲಿದ್ದವು. ಬಂದವರ ಮೈಯನ್ನು ಅವು ಗರಿಯಿಂದ ಗುಡಿಸಿ, ಪಾದ ತೊಳೆಸಿ, ಒಂದು ಕಣ ಮಣ್ಣೂ ಒಳಗೆ ಹೋಗದಂತೆ ನೋಡಿಕೊಳ್ಳುತ್ತಿದ್ದವು. ದೇವೀರಿಯ ಕಾವಿ ಕಲ್ಲಿನ ಬುಟ್ಟಿಯನ್ನು ನೋಡಿದ್ದೇ ಕಿರುಚಿ ಪ್ರಪಾತಕ್ಕೆ ಎಸೆದವು.

ಒಳಗೆ ಜಂಭಾಳ ಬೆಳ್ಳಿಯ ಉಯ್ಯಾಲೆಯಲ್ಲಿ ಕೂತಿದ್ದ. ಹುಟ್ಟಿದಾಗಿನಿಂದ ನೆಲ ತುಳಿಯದ ಅವನ ಪಾದ ಕೂಸಿನ ಪಾದದ ಹಾಗಿತ್ತು. ಎದುರಿಗೆ ಮೆಟ್ಟಿಲು ಮೆಟ್ಟಿಲಾಗಿ ಹಲಗೆಗಳು, ಒಂದೊಂದು ಹಲಗೆಯ ಮೇಲೆ ಅವನು ಕದ್ದ ಒಂದೊಂದು ಊರು. ಎಲ್ಲಕ್ಕಿಂತ ಕೆಳಗೆ ಗೊಂಬೆಕೆರೆ ಇತ್ತು. ತನ್ನ ಮನೆಯ ಮುಂದೆ ಬಗ್ಗಿದ ಸೊಂಟ ನೆಟ್ಟಗೆ ಮಾಡುತ್ತಿದ್ದಂತೆಯೇ ನಿಂತುಹೋಗಿದ್ದ ಅವ್ವನನ್ನು ಕಂಡು ದೇವೀರಿ ಹಲಗೆಯತ್ತ ಓಡಿದಳು.

"ಬಾರಮ್ಮ" ಎಂದ ಜಂಭಾಳ. "ನಿಮ್ಮ ಊರು ಒಂದು ಹೆಂಚೂ ಒಡೆಯದೆ ಇಲ್ಲಿದೆ. ಆದರೆ ಯಾವುದೂ ಅಲ್ಲಾಡುವುದಿಲ್ಲ. ಕಾಲ ಕೆಳಗೆ ಮಣ್ಣಿಲ್ಲವೆಂದು ಎಲ್ಲವೂ ಮರಗಟ್ಟಿ ನಿಂತುಬಿಟ್ಟಿವೆ. ನನಗೆ ಧೂಳಿಲ್ಲದ ಊರು ಬೇಕು, ಆದರೆ ಓಡಾಡುವ ಊರು ಬೇಕು. ನೀನು ಬಣ್ಣದವಳಂತೆ. ಈ ಹಲಗೆಯ ಮೇಲೆ ಇವು ನಂಬುವಂಥ ನೆಲ ಬರೆ. ಮೊದಲು ಕೋಳಿ ಕೆದಕಬೇಕು, ಆಮೇಲೆ ಎತ್ತು ಮಲಗಬೇಕು, ಕೊನೆಗೆ ನಿನ್ನವ್ವ ಹೆಜ್ಜೆ ಇಡಬೇಕು. ಮೂರೂ ಆದರೆ ಊರು ನಿನ್ನದು. ತಪ್ಪಿದಾಗಲೆಲ್ಲ ನಿನ್ನ ಮೈಯಲ್ಲೊಂದು ಭಾಗ ಗೊಂಬೆಯಾಗುತ್ತದೆ. ಮೂರನೆಯ ಸಲವೂ ತಪ್ಪಿತೋ, ನಿನ್ನವ್ವನ ಪಕ್ಕದಲ್ಲೇ ನೀನೂ ನಿಂತಿರು."

ಊರು ಬಿಟ್ಟುಕೊಡುವ ಮನಸ್ಸು ಅವನಿಗೆ ಎಳ್ಳಷ್ಟೂ ಇರಲಿಲ್ಲ. ದೇವೀರಿಗೂ ಹಾಗೆಂದೇ ಅನುಮಾನ. ಆದರೆ ಅವಳಿಗೆ ಬೇರೆ ದಾರಿ ಇರಲಿಲ್ಲ.

ಅವನು ಬಣ್ಣ ಕೊಟ್ಟ, ಒಂದರಲ್ಲೂ ಮಣ್ಣಿನ ಸೋಂಕಿಲ್ಲ. ದೀಪದ ಮಸಿ, ಕಾಚು, ಅರಿಸಿನ, ನೀಲಿ ಗಿಡದ ರಸ, ಮುತ್ತುಗದ ಹೂವಿನ ರಸ, ಚಿಪ್ಪಿನ ಸುಣ್ಣ. ಜೊತೆಗೆ ಮರದ ಹೊಟ್ಟು, ಅಂಟು, ಅರಗು, ಅಳಿಲು ಬಾಲದ ಕುಂಚ. ದೇವೀರಿ ಸೆರಗು ಸಿಕ್ಕಿಸಿಕೊಂಡಳು. ನೆಲ ತಾನೇ, ಅದೇನು ಮಹಾ, ಎಂದುಕೊಂಡಳು. ಮುತ್ತುಗದ ರಸಕ್ಕೆ ಕಾಚು ಬೆರೆಸಿ ಚಂದದ ಕೆಂಪು ಮಾಡಿದಳು. ಹಲಗೆಯ ತುಂಬ ಒಂದೇ ಸಮನೆ ಬಳಿದಳು.

"ಬರೆದಾಯಿತೇ?" ಎಂದ ಜಂಭಾಳ.

"ಬರೆದಾಯಿತು."

"ಒಪ್ಪೀತೇ?"

"ಒಪ್ಪೀತು."

ಸಾಸಿವೆ ಕಾಳಿನಷ್ಟು ಕೋಳಿ ಆ ಕೆಂಪು ನೆಲದ ಮೇಲೆ ನಿಂತಲ್ಲೇ ನಿಂತಿತ್ತು. ಒಂದು ಗರಿಯೂ ಅಲುಗಲಿಲ್ಲ. ಜಂಭಾಳ ನಕ್ಕು ಚಿಟಿಕೆ ಹೊಡೆದ. ದೇವೀರಿಯ ಜಡೆ ಮರದ ಜಡೆಯಾಗಿ ಬೆನ್ನಿಗೆ ಟಕ್ಕೆಂದು ಬಡಿಯಿತು.

ಅವಳು ಅಳುತ್ತ ಊರಿದ್ದ ಜಾಗಕ್ಕೆ ಓಡಿದಳು.

"ಕೆಂಪು ಮಣ್ಣು ಅಂತ ಕೆಂಪು ಬಳಿದೆ ಕಪ್ಪೆರಾಯ. ಕೋಳಿ ಒಪ್ಪಲಿಲ್ಲ" ಎಂದಳು.

"ಕೆಂಪು ಮಣ್ಣು ಅಂತ ನಿಂಗೆ ಹೇಳ್ದೋರು ಯಾರು?"

"ಎಲ್ರೂ ಅಂತಾರೆ."

"ಎಲ್ರೂ ಅಂತಾರೆ! ಕೋಳೀನೂ ಅಂತದಾ? ಕಣ್ಣಿದ್ರೆ ನೋಡು" ಎಂದು ಕಪ್ಪೆ ಹಿಂಗಾಲಿನಿಂದ ನೆಲವನ್ನು ಸರ್‌ ಎಂದು ಒದ್ದಿತು.

ದೇವೀರಿ ಬಗ್ಗಿದಳು. ಹುಟ್ಟಿದಾಗಿನಿಂದ ತುಳಿದ ನೆಲವನ್ನು ಅವಳು ಅಂದೇ ಮೊದಲ ಸಲ ನೋಡಿದ್ದು. ಕಪ್ಪೆ ಒದ್ದು ಹಾಕಿದ ಒಳಮಣ್ಣು ಕಪ್ಪಗೆ, ತಣ್ಣಗೆ ಇತ್ತು. ಬಿರುಕಿನೊಳಗೂ ಅದೇ ಕಪ್ಪು. ಮೇಲಿನ ಹೆಂಟೆಗಳ ಬೆನ್ನು ಬಿಸಿಲಿಗೆ ಬಿಳಿಚಿಕೊಂಡಿತ್ತು, ಹೊಟ್ಟೆ ಕಂದು ಬಣ್ಣದ್ದಾಗಿತ್ತು. ಕೆಂಪು ಇತ್ತು, ಇಲ್ಲವೆನ್ನಲಾಗದು. ಆದರೆ ಅದು ನಡುವೆ ಅಲ್ಲಲ್ಲಿ, ನಾಚಿಕೊಂಡವರ ಹಾಗೆ ಇತ್ತು. ಇಷ್ಟು ದಿನ ನಾನು ಬರೆದದ್ದು ಮಣ್ಣಿನ ಹೆಸರನ್ನು, ಮಣ್ಣನ್ನಲ್ಲ, ಎಂದು ಅವಳಿಗೆ ಅನ್ನಿಸಿತು. ಹಾಗೆ ಅನ್ನಿಸಿ ನಾಚಿಕೆಯಾಯಿತು.

ತಿರುಗಿ ಬಂದು ಅವಳು ಊರಿನ ಒಂದೊಂದನ್ನೂ ಮೆಲ್ಲಗೆ ಎತ್ತಿ ಬಾಳೆಯೆಲೆಯ ಮೇಲಿಟ್ಟಳು. ಅವ್ವನನ್ನು ಅಂಗೈಯಲ್ಲಿ ಎತ್ತಿಕೊಂಡಾಗ ತೂಕವೇ ಇರಲಿಲ್ಲ. ಆಮೇಲೆ ಅಂಟಿಗೆ ಹೊಟ್ಟು ಕಲಸಿ ಹಲಗೆಯ ಮೇಲೆ ತಗ್ಗು ಉಬ್ಬು ಬರುವಂತೆ ಮೆತ್ತಿದಳು. ಒಣಗಿದ ಮೇಲೆ ಎಲ್ಲಕ್ಕೂ ಮೊದಲು ಮಸಿಯಂಥ ಕಡುಗಂದು. ಅದರ ಮೇಲೆ ಕಾಚಿನ ಕಂದು. ಆಮೇಲೆ ನೀರಿನಷ್ಟು ತೆಳುವಾದ ಕಪ್ಪನ್ನು ಹರಿಯಬಿಟ್ಟಳು. ಅದು ತಾನಾಗಿ ಬಿರುಕು ಹುಡುಕಿಕೊಂಡು ಹೋಗಿ ಕೂತಿತು. ಕೊನೆಗೆ ಕುಂಚವನ್ನು ತಿಳಿ ಬಣ್ಣಕ್ಕೆ ಅದ್ದಿ, ಬಟ್ಟೆಗೆ ಒರೆಸಿ ಒರೆಸಿ, ಇನ್ನು ಬಣ್ಣವೇ ಇಲ್ಲ ಅನ್ನುವಾಗ ಉಬ್ಬುಗಳ ನೆತ್ತಿಯ ಮೇಲಷ್ಟೇ ಸವರಿದಳು. ಹೆಂಟೆಗಳು ಎದ್ದು ಬಂದವು. ಸಂತೋಷ ತಡೆಯದೆ, ರೂಢಿಯಂತೆ, ಮೇಲೊಂದು ಅರಗಿನ ಮೆರುಗು ಎಳೆದು ಊರನ್ನು ಅದರದರ ಜಾಗದಲ್ಲಿಟ್ಟಳು.

"ಬರೆದಾಯಿತೇ?"

"ಬರೆದಾಯಿತು."

"ಒಪ್ಪೀತೇ?"

"ಒಪ್ಪೀತು."

ಕೋಳಿ ಕತ್ತು ಓರೆ ಮಾಡಿತು. ಒಂದು ಕಣ್ಣಿನಿಂದ ನೋಡಿತು, ಇನ್ನೊಂದು ಕಣ್ಣಿನಿಂದ ನೋಡಿತು. ಆಮೇಲೆ ಚರಕ್ ಚರಕ್ ಎಂದು ಕೆದಕತೊಡಗಿತು. ದೇವೀರಿ ಚಪ್ಪಾಳೆ ತಟ್ಟಿದಳು.

"ಎತ್ತು?" ಎಂದ ಜಂಭಾಳ.

ಎತ್ತಿನ ಮೈಯಲ್ಲಿ ಜೀವ ಆಡಿತು. ಮುಂಗಾಲು ಎತ್ತಿತು. ಹೊಳೆಯುವ ನೆಲವನ್ನು ಮೂಸಿ, ಕಾಲನ್ನು ಹಿಂದಕ್ಕೆಳೆದುಕೊಂಡು ಮತ್ತೆ ಮರಗಟ್ಟಿತು. ಜಂಭಾಳ ಚಿಟಿಕೆ ಹೊಡೆದ. ದೇವೀರಿಯ ಎಡಗೈ ಬೆರಳ ತುದಿಯಿಂದ ಮೊಣಕೈವರೆಗೆ ಮರವಾಯಿತು.

ಅವಳು ಮತ್ತೆ ಊರಿದ್ದ ಜಾಗಕ್ಕೆ ಓಡಿದಳು. ಆಕಾಶ ಕಪ್ಪಿಟ್ಟಿತ್ತು. ಕಪ್ಪೆ ಕುಣಿಯುತ್ತಿತ್ತು.

"ಕೋಳಿ ಒಪ್ಪಿತು, ಎತ್ತು ಒಪ್ಪಲಿಲ್ಲ ಕಪ್ಪೆರಾಯ."

"ಈಗ ನನ್ನ ಮಾತಾಡಿಸ್ಬೇಡ. ಮಳೆ ಬತ್ತಾ ಐತೆ!"

ದಪ್ಪ ಹನಿಯೊಂದು ಅವಳ ಕಾಲ ಬಳಿ ಬಿತ್ತು. ಬಿದ್ದ ಕಡೆ ಮಣ್ಣು ಕಪ್ಪಾಗಿ ಮಿರುಗಿತು. ಸುತ್ತಲಿನ ಒಣಮಣ್ಣು ಮಿರುಗಲಿಲ್ಲ, ಬಿದ್ದ ಬೆಳಕನ್ನೆಲ್ಲ ನುಂಗಿಕೊಂಡು ಸುಮ್ಮನಿತ್ತು. ದೇವೀರಿ ಹಣೆ ಚಚ್ಚಿಕೊಂಡಳು. ನೆಲ ಹೊಳೆದರೆ ಅದು ಕೆಸರು! ಕೋಳಿಗೆ ಹಸಿಯಾದರೇನು ಒಣಗಿದರೇನು, ಹುಳ ಸಿಕ್ಕರೆ ಸಾಕು. ಎತ್ತು ಜಾರಿ ಬಿದ್ದದ್ದನ್ನು ಮರೆಯುವ ಪ್ರಾಣಿಯಲ್ಲ. ಅವಳು ನೆನೆಯುತ್ತಲೇ ಅರಮನೆಗೆ ಹೊರಟಳು. ಹಿಂದೆ ಮಳೆ ಧೋ ಎಂದು ಸುರಿಯತೊಡಗಿತು.

ಅರಮನೆಯ ಅಡುಗೆಮನೆಯಿಂದ ತಂದ ಒಲೆಯ ಬೂದಿಯನ್ನು ಬಟ್ಟೆಯಲ್ಲಿ ಸೋಸಿ, ಒಂದೇ ಕೈಯಲ್ಲಿ, ಮೆರುಗಿನ ಮೇಲೆಲ್ಲ ಉದುರಿಸಿ ಮೆತ್ತಗೆ ತಿಕ್ಕಿದಳು. ಹೊಳಪು ಸತ್ತಿತು. ಎತ್ತು ಮೂಸಿತು, ಮುಂಗಾಲು ಮಡಿಸಿತು, ಉಸ್ಸೆಂದು ಮಲಗಿ ಮೆಲುಕು ಹಾಕತೊಡಗಿತು.

ಜಂಭಾಳನ ಮುಖದ ನಗು ಸ್ವಲ್ಪ ಕುಂದಿತು. "ಇನ್ನು ನಿನ್ನವ್ವ" ಎಂದ. "ಅವಳು ಕೋಳಿಯಲ್ಲ, ಎತ್ತಲ್ಲ. ಯೋಚಿಸಿ ಬರೆ."

ದೇವೀರಿ ಹಲಗೆಯ ಮುಂದೆ ಬಹಳ ಹೊತ್ತು ಕೂತಳು. ನೆಲ ಚೆನ್ನಾಗಿತ್ತು, ಆ ಮಾತು ನಿಜ. ಆದರೆ ಅದು ಯಾವ ಊರಿನದಾದರೂ ಆಗಬಹುದಿತ್ತು. ಕೋಳಿಗೆ ಮಣ್ಣಾದರೆ ಸಾಕು, ಎತ್ತಿಗೆ ಒಣ ಮಣ್ಣಾದರೆ ಸಾಕು. ಅವ್ವನಿಗೆ ಅವಳದೇ ಅಂಗಳ ಬೇಕು. ಅಂಗಳದ ಬಣ್ಣ ಹೇಗಿತ್ತು? ಅವ್ವನ ಹಣೆಯ ಗೆರೆ ಒಂದೊಂದೂ ದೇವೀರಿಗೆ ಗೊತ್ತಿತ್ತು. ಅವ್ವ ನಿಂತಿರುತ್ತಿದ್ದ ನೆಲ ಮಾತ್ರ ನೆನಪಿಗೆ ಬರಲೊಲ್ಲದು.

ಅವಳು ಮೂರನೆಯ ಸಲ ಓಡಿದಳು. ಮಳೆ ನಿಂತಿತ್ತು. ಚೌಕಗಳೂ ಇಲ್ಲ, ಓಣಿಯ ಗೆರೆಯೂ ಇಲ್ಲ. ಎಲ್ಲ ಕಲಸಿಹೋಗಿ, ಕಣ್ಣು ಹಾಯುವಷ್ಟು ದೂರ ಒಂದೇ ಕೆಸರು. ಎಲ್ಲೆಲ್ಲೂ ಕಪ್ಪೆಗಳ ಹಾಡು.

"ಎರಡು ಸಲ ಬಂದೆನಲ್ಲ! ಎರಡು ಸಲವೂ ನೋಡಲಿಲ್ಲವಲ್ಲ!" ಎಂದು ಅವಳು ಗೋಳಾಡಿದಳು.

ಮುದಿ ಕಪ್ಪೆ ಹಾಡು ನಿಲ್ಲಿಸಿ ಅವಳ ಹತ್ತಿರ ಬಂತು. "ಮಳೆ ಬೇಕು ಅಂದೋನು ನಾನೇ ಕಣವ್ವ. ಬೇಜಾರು ಮಾಡ್ಕೋಬೇಡ" ಎಂದಿತು. ಪಾಪ, ಅದರ ಹತ್ತಿರ ಹೇಳಿಕೊಡಲು ಬೇರೇನೂ ಇರಲಿಲ್ಲ.

ದೇವೀರಿ ಕಣ್ಣೊರೆಸಿಕೊಂಡು ಎದ್ದು ನಡೆದಳು. ನೀರು ತುಂಬಿದ ಕಣ್ಣಿಗೆ ದಾರಿ ಕಾಣುತ್ತಿರಲಿಲ್ಲ. ಒಂದು ಕಡೆ ಅವಳ ಬಲಗಾಲು ತಾನಾಗಿ ಪಕ್ಕಕ್ಕೆ ಸರಿಯಿತು. ಅಲ್ಲಿ ತಪ್ಪಿಸಿಕೊಳ್ಳಬೇಕಾದ್ದು ಏನೂ ಇರಲಿಲ್ಲ. ಯಾಕೆ ಸರಿಯಿತು? ಅಲ್ಲಿ ಮೊದಲು ಕರು ಕಟ್ಟುವ ಗೂಟವಿತ್ತು! ಅದರ ಸುತ್ತ ಕರು ಸುತ್ತಿ ಸುತ್ತಿ ನೆಲ ಬಳೆಯಾಕಾರಕ್ಕೆ ಸವೆದಿತ್ತು. ಅವಳು ಕಣ್ಣು ಮುಚ್ಚಿಕೊಂಡಳು, ಕಾಲಿಗೆ ದಾರಿ ಬಿಟ್ಟುಕೊಟ್ಟಳು. ಒಂದು ಕಡೆ ಕಾಲು ಜಾಗ್ರತೆಯಾಗಿ ಊರಿತು, ಅದು ಬಚ್ಚಲ ನೀರು ಹರಿದು ಪಾಚಿ ಕಟ್ಟಿದ ಜಾಗ. ಒಂದು ಕಡೆ ನಿರಾಳವಾಗಿ ಊರಿತು, ಅದು ನಡೆದು ನಡೆದು ಗಟ್ಟಿಯಾದ, ಬಿಳಿಚಿದ ಕಾಲುಹಾದಿ. ಒಂದು ಕಡೆ ದಾಪುಗಾಲು ಹಾಕಿತು, ಅದು ಅವ್ವ ರಂಗೋಲಿ ಇಡುವ ಜಾಗ, ತುಳಿದರೆ ಬೈಗುಳ. ಹೀಗೆ ಬಂದು ಬಂದು ಗೋಡೆಯಿದ್ದ ಕಡೆ ಅವಳು ದಿನಾ ಕೂರುತ್ತಿದ್ದ ಹಾಗೆ ಕೂತಳು. ಕೂತದ್ದೇ ತಡ, ಬಲಗೈ ತಾನಾಗಿ ಎಡಕ್ಕೆ ಕೊಡವಿತು. ಕೈಯಲ್ಲಿ ಕುಂಚವಿರಲಿಲ್ಲ, ಆದರೂ ಕೊಡವಿತು.

ದೇವೀರಿ ಅರಮನೆಗೆ ಬಂದು ಬರೆಯಲು ಕೂತಳು. ಹೊಸಿಲ ಮುಂದೆ ಸಗಣಿ ಸಾರಿಸಿದ ನೆಲಕ್ಕೆ ಹಸಿರು ಬೆರೆತ ಬೂದು. ಅದರ ಮೇಲೆ ಅಳಿಸಿಯೂ ಅಳಿಸದ ಹಳೆಯ ರಂಗೋಲಿಯ ಬಿಳಿ ನೆರಳು. ಸೂರಿನ ಕೆಳಗೆ ಹನಿ ಬಿದ್ದು ಬಿದ್ದು ಆದ ಸಣ್ಣ ಕುಳಿಗಳ ಸಾಲು. ಬಚ್ಚಲ ಬಾಯಲ್ಲಿ ಒಂದು ಚೂರು ಪಾಚಿ, ಅಲ್ಲಿ ಮಾತ್ರ ಮೆರುಗು. ಕರುವಿನ ಗೂಟದ ಸುತ್ತ ಸವೆದ ಬಳೆ.

ಗೋಡೆಯ ಬುಡಕ್ಕೆ ಬಂದಾಗ ಕುಂಚ ನಿಂತಿತು. ಕೆಲಸ ಮುಗಿದ ಮೇಲೆ ಕುಂಚ ತೊಳೆದು ಅವಳು ದಿನಾ ಅಲ್ಲೇ ಕೊಡವುತ್ತಿದ್ದಳು. ನೀಲಿ, ಹಳದಿ, ಕೆಂಪು ಎಲ್ಲ ಸೇರಿ ಅಲ್ಲೊಂದು ಕೊಳಕು ಕಲೆ. ಅದನ್ನೂ ಬರೆಯುವುದೇ? ಮಣ್ಣಿನ ಬಣ್ಣವೇ ಅಲ್ಲ ಅದು! ಇಷ್ಟು ಚೆನ್ನಾಗಿ ಬಂದ ನೆಲ ಕೆಟ್ಟುಹೋದೀತು, ನೋಡಿದವರು ನಕ್ಕಾರು. ಅವಳೊಳಗಿನ ಕಸುಬುದಾರಳು ಬೇಡವೆಂದಳು. ದೇವೀರಿ ಕುಂಚ ಕೆಳಗಿಟ್ಟಳು. ಚಂದ ಬೇಕೋ ಅವ್ವ ಬೇಕೋ ಎಂದು ತನ್ನನ್ನೇ ಕೇಳಿಕೊಂಡಳು. ಆಮೇಲೆ ಕುಂಚವನ್ನು ಎಲ್ಲ ಬಣ್ಣಕ್ಕೂ ಅದ್ದಿ ಅದೇ ಜಾಗಕ್ಕೆ ಒಮ್ಮೆ ಕೊಡವಿದಳು.

"ಬರೆದಾಯಿತೇ?"

"ಬರೆದಾಯಿತು."

"ಒಪ್ಪೀತೇ?"

"ಗೊತ್ತಿಲ್ಲ" ಎಂದಳು ದೇವೀರಿ.

ಅವರೆಕಾಳಿನಷ್ಟು ಅವ್ವ ನಿಂತೇ ಇದ್ದಳು. ಜಂಭಾಳ ಚಿಟಿಕೆ ಹೊಡೆಯಲು ಬೆರಳೆತ್ತಿದ. ಆಗ ಅವ್ವ ಸೊಂಟ ನೆಟ್ಟಗೆ ಮಾಡಿದಳು. ಒಂದು ಹೆಜ್ಜೆ ಇಟ್ಟಳು. ಇನ್ನೊಂದು ಹೆಜ್ಜೆ ಇಟ್ಟಳು. ಗೋಡೆಯ ಬುಡದ ಕಲೆಯನ್ನು ನೋಡಿದವಳೇ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಎಲ್ಲೇ ಹಾಳಾಗಿ ಹೋದೆ ದೇವೀರಿ! ಅಂಗಳಕ್ಕೆ ಬಣ್ಣ ಕೊಡವ್ಬೇಡ ಅಂತ ಎಷ್ಟು ಸಲ ಹೇಳ್ಬೇಕೇ ನಿಂಗೆ?"

ಸೊಳ್ಳೆಯಷ್ಟು ಸಣ್ಣ ದನಿ. ಆದರೂ ಇಡೀ ಅರಮನೆಗೆ ಕೇಳಿಸಿತು. ಬೈಗುಳ ಕೇಳಿ ಅಷ್ಟು ಸಂತೋಷಪಟ್ಟ ಮಗಳು ಮೂರು ಲೋಕದಲ್ಲೂ ಇರಲಿಕ್ಕಿಲ್ಲ. ದೇವೀರಿ ಬಿಕ್ಕಿ ಬಿಕ್ಕಿ ಅತ್ತಳು. ಅವ್ವ ಗೊಣಗುತ್ತ ಪೊರಕೆ ತೆಗೆದುಕೊಂಡು ಅಂಗಳ ಗುಡಿಸತೊಡಗಿದಳು. ಗುಡಿಸಿದಲ್ಲಿ ಪೊರಕೆಯ ಗೀರು ಮೂಡಿತು. ಬರೆದ ನೆಲದಿಂದ ಧೂಳು ಎದ್ದಿತು.

ಜಂಭಾಳ ಸೀನಿದ. ಧೂಳು ಕಾಣದ ಮೂಗು ಅದು. ಸೀನುತ್ತಲೇ ಮಂತ್ರ ಹೇಳಿದ, "ನಿಲ್ಲು!" ಎಂದ. ಊರು ನಿಲ್ಲಲಿಲ್ಲ. ಒಕ್ಕಲಿದ್ದವರು ತಮ್ಮದೆಂದು ಒಪ್ಪಿಕೊಂಡ ಮೇಲೆ ಆ ನೆಲ ಬಣ್ಣವಾಗಿ ಉಳಿಯದೆ ಮಣ್ಣೇ ಆಗಿಬಿಟ್ಟಿತ್ತು. ಮಂತ್ರ ಅದಕ್ಕೆ ತಾಕಲಿಲ್ಲ, ಅದರ ಮೇಲೆ ಕಾಲೂರಿದ್ದ ಯಾವುದಕ್ಕೂ ತಾಕಲಿಲ್ಲ. ಹಲಗೆ ಬೆಳೆಯಿತು, ಮನೆಗಳು ಬೆಳೆದವು, ಭಾರಕ್ಕೆ ನಾಲ್ಕು ಸರಪಳಿಗಳೂ ಹರಿದವು. ಅರಮನೆ ಕೆಳಗಿಳಿದು, ಕಾವಿಗೆ ಕೂರುವ ಕೋಳಿಯ ಹಾಗೆ ಮೆತ್ತಗೆ ನೆಲಕ್ಕೆ ಕೂತಿತು. ಅರಮನೆಗೆ ಮಣ್ಣು ತಾಗಿದ್ದೇ ಮಂತ್ರ ಸಡಿಲಿ, ಕದ್ದ ಊರುಗಳೆಲ್ಲ ಮೆಟ್ಟಿಲಿಳಿದು ತಮ್ಮ ತಮ್ಮ ಜಾಗ ಹುಡುಕಿಕೊಂಡು ಹೋದವು. ದೇವೀರಿಯ ಕೈ ಕೈಯಾಯಿತು, ಜಡೆ ಜಡೆಯಾಯಿತು.

ಉಯ್ಯಾಲೆಯಿಂದ ಉರುಳಿದ ಜಂಭಾಳನ ಎಳೆಯ ಪಾದಕ್ಕೆ ಮಣ್ಣು ತಾಗಿದ್ದೇ ಮಂತ್ರವೆಲ್ಲ ಇಳಿದುಹೋಯಿತು, ಸೀನು ಮಾತ್ರ ಉಳಿಯಿತು. ಊರಿನವರು ಅವನನ್ನು ಹೊಡೆಯಲಿಲ್ಲ. ಗೊಂಬೆಗೆ ಹೊಟ್ಟು ಜರಡಿ ಹಿಡಿಯುವ ಕೆಲಸ ಕೊಟ್ಟರು. ಅವನು ಸೀನುತ್ತ ಸೀನುತ್ತ ಜರಡಿ ಹಿಡಿದು, ಎರಡು ಬೇಸಿಗೆ ಕಳೆಯುವುದರೊಳಗೆ ಎಲ್ಲರ ಹಾಗೆ ನಡೆಯುವುದನ್ನು ಕಲಿತ. ಗೊಂಬೆಕೆರೆಯಲ್ಲಿ ಅಂದಿನಿಂದ ನೆಲ ಬರೆಯುವವರೂ ತಲೆಗೆ ನೀರು ಹಾಕಿಕೊಂಡೇ ಕೂರುತ್ತಾರೆ. ಆ ರಾಜ್ಯದಲ್ಲಿ ಮಳೆ ಹೊತ್ತಿಗೆ ಬಂತು, ಬೆಳೆ ಕೈಗೆ ಬಂತು, ಅವರೆಲ್ಲ ಉಂಡು ಸುಖವಾಗಿದ್ದರು. ಕೇಳಿದ ನಮಗೂ ಕಡಿಮೆಯೇನಾಗಿಲ್ಲ.

ದೇವೀರಿ ಮಾತ್ರ ಕೆಲಸದ ನಡುವೆ ಕುಂಚ ಕೆಳಗಿಟ್ಟು ಅಂಗಳದಲ್ಲಿ ಸುಮ್ಮನೆ ಕೂತಿರುತ್ತಿದ್ದಳು.

"ಏನೇ ಅದು, ಬೆಳಗಿಂದ ನೆಲ ನೋಡ್ಕೊಂಡು ಕೂತಿದ್ದೀಯ? ಏನು ಕಳ್ಕೊಂಡೆ?" ಎಂದು ಅವ್ವ ಒಳಗಿನಿಂದ ಕೂಗುವಳು.

"ಏನೂ ಇಲ್ಲ ಕಣವ್ವ" ಎನ್ನುವಳು ದೇವೀರಿ. "ಎಲ್ಲಾ ಇಲ್ಲೇ ಐತೆ."